ಪಾದಕ್ಕೊಬ್ಬ ವೈದ್ಯ, ವೈದ್ಯರಿಗೊಂದು ಸಂಘ

ಹಿರಿಯರನ್ನು ಕಂಡೊಡನೆ ಪಾದ ಮುಟ್ಟಿ ನಮಸ್ಕರಿಸುವುದು, ಗುರುಗಳ ಪಾದ ತೊಳೆದು ಪೂಜಿಸುವುದು, ಮದುವೆಯ ಮಂಟಪದಲ್ಲಿ ವಧುವಿಗೆ ಕಾಲುಂಗುರ ತೊಡಿಸುವುದು ಕನ್ನಡಿಗರ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಸಂಪ್ರದಾಯ. ಪರರ ಪಾದಕ್ಕೆ ಸಲ್ಲುವ ಈ ಮರ್ಯಾದೆ ಸ್ವಂತ ಪಾದಕ್ಕೆ ಮಾತ್ರ ಸಲ್ಲುವುದಿಲ್ಲ. ಹಲ್ಲುನೋವಿಗೆ ದಂತವೈದ್ಯರನ್ನೂ, ಕಣ್ಣು ಮಂಜಾದರೆ ನೇತ್ರವೈದ್ಯರನ್ನೂ ಹುಡುಕಿಕೊಂಡು ಹೋಗುವವರು ಹಿಮ್ಮಡಿ ನೋವೆಂದರೆ ಎಣ್ಣೆ ತಿಕ್ಕಿ ಮಲಗುತ್ತಾರೆ. ಆಣಿಯಾದರೆ ಬ್ಲೇಡಿನಿಂದ ತಾವೇ ಕೊಯ್ದುಕೊಳ್ಳುತ್ತಾರೆ. ಅಂಗಾಲು ಜೋಮು ಹಿಡಿದರೆ ವಯಸ್ಸಿನ ಲಕ್ಷಣವೆಂದು ಸುಮ್ಮನಾಗುತ್ತಾರೆ. ಪಾದಕ್ಕೆಂದೇ ಶಸ್ತ್ರವೈದ್ಯರಿದ್ದಾರೆ, ಆ ವೈದ್ಯರಿಗೆ ಅಖಿಲ ಭಾರತ ಮಟ್ಟದ ಒಂದು ಸಂಘವೂ ಇದೆ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಅಂಥ ಸಂಘ ಮಾಡುವ ಕೆಲಸವೇನು, ಅದರಿಂದ ಸಾಮಾನ್ಯ ರೋಗಿಗೆ ಆಗುವ ಪ್ರಯೋಜನವೇನು, ಅದರ ಮಿತಿ ಎಲ್ಲಿ ಎಂಬುದು ಈ ಲೇಖನದ ವಿಷಯ.

ಪಾದದ ರಚನೆ ತೋರುವಷ್ಟು ಸರಳವಾದುದಲ್ಲ. ವಯಸ್ಕರ ದೇಹದಲ್ಲಿರುವ 206 ಮೂಳೆಗಳ ಪೈಕಿ 52 ಮೂಳೆಗಳು ಎರಡು ಪಾದಗಳಲ್ಲಿಯೇ ಇವೆ. ಅಂದರೆ ಒಟ್ಟು ಮೂಳೆಗಳಲ್ಲಿ ಕಾಲು ಭಾಗ ಕಾಲಿನ ತುದಿಯಲ್ಲಿದೆ. ಕನ್ನಡದಲ್ಲಿ ಆ ಪದಕ್ಕೆ ಎರಡು ಅರ್ಥಗಳಿರುವುದು ಇಲ್ಲಿ ಚೆನ್ನಾಗಿ ಹೊಂದುತ್ತದೆ. ಒಂದೊಂದು ಪಾದದಲ್ಲಿಯೂ 30ಕ್ಕೆ ಮಿಕ್ಕ ಕೀಲುಗಳೂ, 100ಕ್ಕೂ ಹೆಚ್ಚು ಸ್ನಾಯುಗಳು, ಸ್ನಾಯುರಜ್ಜುಗಳು ಮತ್ತು ಅಸ್ಥಿಬಂಧಗಳೂ ಸೇರಿ ಒಂದು ಕಮಾನನ್ನು ಹಿಡಿದು ನಿಲ್ಲಿಸಿವೆ. ನೆಲವನ್ನು ತಾಕುವಾಗ ಮೆತ್ತಗಾಗಿ ಬಾಗುವುದು, ಮುಂದಿನ ಹೆಜ್ಜೆಗಾಗಿ ನೆಲವನ್ನು ಒತ್ತುವಾಗ ಗಟ್ಟಿಯಾದ ಸನ್ನೆಗೋಲಿನಂತೆ ಬಿಗಿಯುವುದು, ಇವೆರಡೂ ಪರಸ್ಪರ ವಿರುದ್ಧವಾದ ಕೆಲಸಗಳು. ಆರೋಗ್ಯವಂತ ಪಾದ ಇವೆರಡನ್ನೂ ಒಂದೇ ಹೆಜ್ಜೆಯಲ್ಲಿ ನೆರವೇರಿಸುತ್ತದೆ.

ಇಷ್ಟು ಜಟಿಲವಾದ ಅಂಗವು ವೈದ್ಯಶಾಸ್ತ್ರದಲ್ಲಿ ಬಹುಕಾಲ ಯಾರ ಪಾಲಿಗೂ ಪೂರ್ಣವಾಗಿ ಸೇರದೆ ಉಳಿಯಿತು. ಚೆನ್ನೈಯಲ್ಲಿ ಮೂವತ್ತು ವರ್ಷಗಳಿಂದ ಹೋಟೆಲಿನ ಅಡುಗೆಮನೆಯಲ್ಲಿ ದೋಸೆ ಕಾವಲಿಯ ಮುಂದೆ ನಿಂತು ದುಡಿಯುವ ಕರಾವಳಿಯ ಕನ್ನಡಿಗನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಆತನಿಗೆ ಹತ್ತು ವರ್ಷಗಳಿಂದ ಮಧುಮೇಹವಿದೆ. ದಿನವಿಡೀ ಒದ್ದೆ ನೆಲ. ಬೆರಳುಗಳ ಸಂದಿಯಲ್ಲಿ ಕೆಸರುಹುಣ್ಣು. ಹೆಬ್ಬೆರಳ ಬುಡದಲ್ಲಿ ದಪ್ಪಗಟ್ಟಿದ ಚರ್ಮ. ಆ ಚರ್ಮದಡಿಯಲ್ಲಿ ಗಾಯವಾದರೂ ನೋವಿಲ್ಲ. ಮಧುಮೇಹಕ್ಕೆ ಔಷಧ ಕೊಡುವ ವೈದ್ಯರು ರಕ್ತದ ಸಕ್ಕರೆಯನ್ನು ನೋಡುತ್ತಾರೆ, ಬಹಳ ವೇಳೆ ಪಾದರಕ್ಷೆ ತೆಗೆಸಿ ನೋಡುವುದಿಲ್ಲ. ಚರ್ಮರೋಗದ ವೈದ್ಯರು ಸಂದಿಯ ಹುಣ್ಣಿಗೆ ಮುಲಾಮು ಬರೆದುಕೊಡುತ್ತಾರೆ. ಮೂಳೆಯ ವೈದ್ಯರು ಎಕ್ಸ್-ರೇ ನೋಡಿ ಮೂಳೆ ಮುರಿದಿಲ್ಲವೆನ್ನುತ್ತಾರೆ. ರಕ್ತನಾಳದ ವೈದ್ಯರಲ್ಲಿಗೆ ಹೋಗುವ ಹೊತ್ತಿಗೆ ಬೆರಳು ಕಪ್ಪಾಗಿರುತ್ತದೆ. ಇಲ್ಲಿ ಯಾರೊಬ್ಬರೂ ಕರ್ತವ್ಯಲೋಪ ಮಾಡಲಿಲ್ಲ. ಆದರೂ ಪಾದ ಉಳಿಯಲಿಲ್ಲ. ನಿಂತು ದುಡಿಯುವವನಿಗೆ ಪಾದ ಹೋಯಿತೆಂದರೆ ಉದ್ಯೋಗವೂ ಹೋದಂತೆ. ಊರಿನಲ್ಲಿರುವ ಸಂಸಾರಕ್ಕೆ ತಿಂಗಳು ತಿಂಗಳು ಹೋಗುತ್ತಿದ್ದ ಹಣವೂ ನಿಲ್ಲುತ್ತದೆ.

ಹೀಗೆ ಹಲವು ವಿಭಾಗಗಳ ನಡುವಿನ ಸಂದಿಯಲ್ಲಿ ಬಿದ್ದುಹೋಗುವ ಅಂಗವನ್ನು ಒಂದೆಡೆ ತಂದು ನೋಡುವುದಕ್ಕಾಗಿಯೇ ಪಾದ ಮತ್ತು ಹರಡಿನ ಶಸ್ತ್ರವೈದ್ಯರು ಸಂಘಟಿತರಾದರು. ಹರಡು ಎಂದರೆ ಪಾದವು ಕಾಲಿಗೆ ಕೂಡುವ ಗಂಟು.

ಇಂಥ ಸಂಘಗಳು ಒಮ್ಮೆಗೇ ಹುಟ್ಟುವುದಿಲ್ಲ; ಆಲದ ಮರದ ಬಿಳಲಿನಂತೆ ದೊಡ್ಡ ಸಂಘದಿಂದ ಇಳಿದು ತಾವೇ ಬೇರೂರುತ್ತವೆ. ಭಾರತದ ಶಸ್ತ್ರವೈದ್ಯರ ಸಂಘ ಸ್ಥಾಪನೆಯಾದುದು 1938ರಲ್ಲಿ. ಅದರ ಕೇಂದ್ರ ಕಚೇರಿ ಚೆನ್ನೈಯ ಚೇಪಾಕದಲ್ಲಿ, ಮರೀನಾ ಕಡಲತೀರಕ್ಕೆ ಅನತಿ ದೂರದಲ್ಲಿದೆ. ಮುಂಜಾನೆ ಅಲ್ಲಿ ವಾಯುಸೇವನೆಗೆ ಹೋಗುವವರು ಆ ಕಟ್ಟಡವನ್ನು ದಾಟಿಯೇ ನಡೆದಿರಬಹುದು. ಮೂಳೆ ಮತ್ತು ಕೀಲುಗಳ ತಜ್ಞರು ಅದರಿಂದ ಬೇರ್ಪಟ್ಟು 1955ರಲ್ಲಿ ಭಾರತೀಯ ಆರ್ಥೋಪೀಡಿಕ್ ಸಂಘವನ್ನು ಕಟ್ಟಿಕೊಂಡರು. ಅಲ್ಲಿಂದ ಮುಂದೆ ಕೈಗೆ, ಬೆನ್ನುಮೂಳೆಗೆ, ಮಂಡಿಗೆ ಪ್ರತ್ಯೇಕ ಸಂಘಗಳು ಬಂದಂತೆ ಪಾದಕ್ಕೂ ಬಂದಿತು. ಅದೇ ಇಂಡಿಯನ್ ಫುಟ್ ಅಂಡ್ ಆಂಕಲ್ ಸೊಸೈಟಿ. ರಾಂಚಿಯ ಅಸ್ಥಿತಜ್ಞ ಡಾ. ಸುರೇಶ್ವರ ಪಾಂಡೆಯವರು ಅದರ ಆರಂಭದ ಪ್ರಮುಖರಲ್ಲೊಬ್ಬರು. ಅಮೆರಿಕದಲ್ಲಿ ಇದೇ ಬಗೆಯ ಸಂಘ 1969ರಲ್ಲಿ ಹುಟ್ಟಿದಾಗ ಅದರ ಹೆಸರಿನಲ್ಲಿ ಪಾದ ಮಾತ್ರ ಇದ್ದಿತು. ಪಾದವನ್ನು ಹರಡಿನಿಂದ ಬೇರ್ಪಡಿಸಿ ನೋಡುವುದು ಸಾಧ್ಯವಿಲ್ಲವೆಂದು ಮನವರಿಕೆಯಾಗಿ 1983ರಲ್ಲಿ ಹರಡನ್ನೂ ಹೆಸರಿಗೆ ಸೇರಿಸಿಕೊಂಡರು. ಹೆಸರಿನ ಬದಲಾವಣೆ ಸಣ್ಣದು, ಅದರ ಹಿಂದಿನ ತಿಳಿವಳಿಕೆ ಸಣ್ಣದಲ್ಲ.

ಸಂಘದ ಕಾರ್ಯವೆಂದರೆ ವರ್ಷಕ್ಕೊಮ್ಮೆ ದೊಡ್ಡ ಹೋಟೆಲಿನಲ್ಲಿ ಸೇರಿ ಭಾಷಣ ಮಾಡಿ ಊಟ ಮಾಡುವುದೆಂದು ಹೊರಗಿನವರಿಗೆ ತೋರುವುದು ಸಹಜ. ಊಟ ಇರುವುದು ನಿಜ. ಆದರೆ ನಿಜವಾದ ಕೆಲಸ ಬೇರೆ. ಒಬ್ಬ ಶಸ್ತ್ರವೈದ್ಯ ತನ್ನ ಜೀವಮಾನದಲ್ಲಿ ಕೆಲವು ಬಗೆಯ ಪಾದರೋಗಗಳನ್ನು ಬೆರಳೆಣಿಕೆಯಷ್ಟು ಮಾತ್ರ ಕಾಣಬಹುದು. ಅವನ ಅನುಭವವೊಂದರಿಂದಲೇ ಯಾವ ಚಿಕಿತ್ಸೆ ಮೇಲು ಎಂಬ ನಿರ್ಣಯ ಸಾಧ್ಯವಿಲ್ಲ. ನೂರು ಊರುಗಳ ನೂರು ವೈದ್ಯರು ಒಂದೇ ಅಳತೆಗೋಲಿನಿಂದ ಅಳೆದು, ಗೆಲುವನ್ನಷ್ಟೇ ಅಲ್ಲದೆ ಸೋಲನ್ನೂ ಮುಚ್ಚಿಡದೆ ಒಂದೆಡೆ ಹೇಳಿಕೊಂಡಾಗ ಮಾತ್ರ ಸತ್ಯ ಹೊರಬೀಳುತ್ತದೆ. ಭಾರತದ ಸಂಘವು ಇದಕ್ಕಾಗಿ 2014ರಿಂದ ತನ್ನದೇ ವೈದ್ಯಕೀಯ ಪತ್ರಿಕೆಯನ್ನು ಹೊರತರುತ್ತಿದೆ. ಕಿರಿಯ ವೈದ್ಯರಿಗೆ ತರಬೇತಿ ಶಿಬಿರಗಳನ್ನೂ ನಡೆಸುತ್ತದೆ. ಎಂ.ಎಸ್. ಅಥವಾ ಡಿ.ಎನ್.ಬಿ. ಪದವಿಯಲ್ಲಿ ಪಾದಕ್ಕೆ ಸಿಗುವ ಪಾಲು ಕಡಿಮೆ. ಪದವಿಯ ಬಳಿಕ ಅನುಭವಿಗಳ ಕೈಕೆಳಗೆ ಫೆಲೋಷಿಪ್ ಎಂಬ ಹೆಸರಿನಲ್ಲಿ ಕೆಲಕಾಲ ದುಡಿದು ಕಲಿಯುವುದೇ ಈ ವಿದ್ಯೆಯ ಸಾಮಾನ್ಯ ಮಾರ್ಗ.

ಅಳತೆಗೋಲಿನ ವಿಚಾರದಲ್ಲಿ ಒಂದು ಪ್ರಸಂಗ ಗಮನಾರ್ಹ. 1994ರಲ್ಲಿ ಅಮೆರಿಕದ ಸಂಘವು ಶಸ್ತ್ರಚಿಕಿತ್ಸೆಯ ಫಲವನ್ನು 100 ಅಂಕಗಳಿಗೆ ಅಳೆಯುವ ಕ್ರಮವೊಂದನ್ನು ಪ್ರಕಟಿಸಿತು. ನೋವಿಗೆ ಇಷ್ಟು, ನಡಿಗೆಗೆ ಇಷ್ಟು, ಪಾದದ ನೇರಕ್ಕೆ ಇಷ್ಟು ಎಂಬ ಆ ಲೆಕ್ಕ ಜಗತ್ತಿನಾದ್ಯಂತ ಹರಡಿತು. ಸಾವಿರಾರು ಪ್ರಬಂಧಗಳು ಅದನ್ನೇ ಆಧರಿಸಿದವು. ಮುಂದೆ ಪರೀಕ್ಷಿಸಿ ನೋಡಿದಾಗ ಆ ಅಳತೆಯೇ ಅಷ್ಟು ವಿಶ್ವಾಸಾರ್ಹವಲ್ಲವೆಂದು ಕಂಡುಬಂದಿತು. ಆಗ ಅದೇ ಸಂಘ ತನ್ನ ಅಂಕಪಟ್ಟಿಯನ್ನು ಇನ್ನು ಬಳಸುವುದು ಬೇಡವೆಂದು ಹೇಳಿತು. ತಾನೇ ಕೊಟ್ಟ ತೀರ್ಪನ್ನು ತಾನೇ ಹಿಂತೆಗೆದುಕೊಳ್ಳುವ ಧೈರ್ಯ ಒಬ್ಬ ವ್ಯಕ್ತಿಗಿಂತ ಸಂಘಕ್ಕೆ ಸುಲಭ. ಒಳ್ಳೆಯ ಸಂಘದ ಲಕ್ಷಣಗಳಲ್ಲಿ ಇದೂ ಒಂದು.

ಹುಟ್ಟಿನಿಂದಲೇ ಒಳಕ್ಕೆ ತಿರುಚಿಕೊಂಡಿರುವ ಪಾದದ ಚಿಕಿತ್ಸೆಯೂ ಇಂಥದೇ ಪಾಠ ಹೇಳುತ್ತದೆ. ಸುಮಾರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಈ ದೋಷವಿರುತ್ತದೆ. ಅನೇಕ ದಶಕಗಳ ಕಾಲ ಪಾದವನ್ನು ವಿಶಾಲವಾಗಿ ಕೊಯ್ದು ನೇರಗೊಳಿಸುವುದೇ ಶ್ರೇಷ್ಠವೆಂಬ ಭಾವನೆ ಇದ್ದಿತು. ಅಮೆರಿಕದ ಅಯೋವಾದಲ್ಲಿದ್ದ ಡಾ. ಇಗ್ನಾಸಿಯೋ ಪೊನ್ಸೆಟಿಯವರು ಕೈಯಿಂದ ಮೆಲ್ಲಗೆ ತಿರುಗಿಸಿ, ವಾರ ವಾರ ಪ್ಲಾಸ್ಟರ್ ಬದಲಿಸಿ, ಕೊನೆಗೆ ಹಿಮ್ಮಡಿಯ ಸ್ನಾಯುರಜ್ಜುವನ್ನು ಸಣ್ಣ ಕೊಯ್ತದಿಂದ ಸಡಿಲಿಸುವ ಕ್ರಮವನ್ನು 1963ರಲ್ಲಿಯೇ ಪ್ರಕಟಿಸಿದ್ದರು. ಹೆಚ್ಚಿನವರು ಕಿವಿಗೊಡಲಿಲ್ಲ. ಅವರಿಂದ ಚಿಕಿತ್ಸೆ ಪಡೆದ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ, 30 ವರ್ಷಗಳ ನಂತರದ ಸ್ಥಿತಿಯನ್ನು ಪರೀಕ್ಷಿಸಿದ ವರದಿ 1995ರಲ್ಲಿ ಬಂದಿತು. ಕೊಯ್ಯಿಸಿಕೊಂಡ ಪಾದಗಳು ವಯಸ್ಸಾದಂತೆ ಬಿಗಿದು ನೋಯುತ್ತಿದ್ದರೆ, ಪೊನ್ಸೆಟಿ ಕ್ರಮದ ಪಾದಗಳು ಚೆನ್ನಾಗಿ ನಡೆಯುತ್ತಿದ್ದವು. ಅನಂತರವೇ ತಜ್ಞರ ಸಮ್ಮೇಳನಗಳೂ ತರಬೇತಿ ಶಿಬಿರಗಳೂ ಈ ಕ್ರಮವನ್ನು ದೇಶದೇಶಗಳಿಗೆ ಒಯ್ದವು. ಇಂದು ಭಾರತದಲ್ಲಿಯೂ ಅದೇ ಮೊದಲ ಚಿಕಿತ್ಸೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಮೊದಲ ಮೂರು ತಿಂಗಳು ಹಗಲುರಾತ್ರಿ, ಬಳಿಕ ಸುಮಾರು ನಾಲ್ಕು ವರ್ಷ ವಯಸ್ಸಿನವರೆಗೆ ನಿದ್ರೆಯ ವೇಳೆ, ಪಟ್ಟಿ ಕೂಡಿಸಿದ ವಿಶೇಷ ಬೂಟುಗಳನ್ನು ತೊಡಿಸಬೇಕು. ಮಗು ಅಳುತ್ತದೆಂದು ಅಜ್ಜಿ ತಾತಂದಿರು ಕನಿಕರದಿಂದ ಬಿಚ್ಚಿಬಿಟ್ಟರೆ ಪಾದ ಮತ್ತೆ ತಿರುಗುವುದುಂಟು.

ಇವೆಲ್ಲ ದೂರದೇಶದ ಮಾತಾಯಿತು. ಪಾದರೋಗಗಳ ಇತಿಹಾಸದಲ್ಲಿ ಇಂದಿನ ತಮಿಳುನಾಡಿನ ನೆಲಕ್ಕೆ ಇರುವ ಸ್ಥಾನ ಚೆನ್ನೈಯ ಅನೇಕ ನಿವಾಸಿಗಳಿಗೇ ತಿಳಿದಿಲ್ಲ. ಮಣ್ಣಿನ ಶಿಲೀಂಧ್ರ ಮತ್ತು ಸೂಕ್ಷ್ಮಾಣುಗಳು ಮುಳ್ಳು ಚುಚ್ಚಿದ ಗಾಯದ ಮೂಲಕ ಸೇರಿ, ಪಾದವನ್ನು ಊದಿಸಿ, ರಂಧ್ರಗಳಿಂದ ಕೀವು ಸೋರುವಂತೆ ಮಾಡುವ ರೋಗವನ್ನು 1842ರಲ್ಲಿ ಮಧುರೆಯ ಔಷಧಾಲಯದಲ್ಲಿ ವೈದ್ಯ ಗಿಲ್ ಗುರುತಿಸಿದರು. ಅದರಿಂದಾಗಿ ಇಂದಿಗೂ ವೈದ್ಯಕೀಯ ಗ್ರಂಥಗಳಲ್ಲಿ ಅದಕ್ಕೆ 'ಮದುರಾ ಫುಟ್' ಎಂದೇ ಹೆಸರು. ಬರಿಗಾಲಿನಲ್ಲಿ ಗದ್ದೆಗೆ ಇಳಿಯುವ ರೈತನ ರೋಗ ಅದು.

ಇದಕ್ಕಿಂತಲೂ ಮಹತ್ವದ ಕಥೆ ಚೆಂಗಲ್ಪಟ್ಟು ಮತ್ತು ವೆಲ್ಲೂರುಗಳದು. ಕೊಲ್ಲಿ ಬೆಟ್ಟಗಳಲ್ಲಿ 1914ರಲ್ಲಿ ಜನಿಸಿದ ಡಾ. ಪಾಲ್ ಬ್ರ್ಯಾಂಡ್ ಇಂಗ್ಲೆಂಡಿನಲ್ಲಿ ಶಸ್ತ್ರವೈದ್ಯರಾಗಿ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಮರುವರ್ಷ ಡಾ. ರಾಬರ್ಟ್ ಕಾಕ್ರೇನ್ ಅವರನ್ನು ಚೆನ್ನೈಗೆ ದಕ್ಷಿಣದ ಚೆಂಗಲ್ಪಟ್ಟಿನಲ್ಲಿದ್ದ ಕುಷ್ಠರೋಗ ಚಿಕಿತ್ಸಾಲಯಕ್ಕೆ ಕರೆದೊಯ್ದರು. ಕುಷ್ಠದಲ್ಲಿ ಮಾಂಸವೇ ಕೊಳೆತು ಉದುರುತ್ತದೆ, ಅಂಥ ಗಾಯ ಮಾಯುವುದಿಲ್ಲ ಎಂಬುದು ಅಂದಿನ ನಂಬಿಕೆ. ಬ್ರ್ಯಾಂಡ್ ಕಂಡುಕೊಂಡ ಸತ್ಯ ಬೇರೆ: ಮಾಂಸದಲ್ಲಿ ದೋಷವಿಲ್ಲ, ನರಗಳು ಸತ್ತು ನೋವು ತಿಳಿಯದ್ದರಿಂದ ರೋಗಿ ಗಾಯದ ಮೇಲೆಯೇ ನಡೆಯುತ್ತಾನೆ, ಅದರಿಂದ ಪಾದ ಹಾಳಾಗುತ್ತದೆ. ಗಾಯದ ಮೇಲಿನ ಭಾರವನ್ನು ಪ್ಲಾಸ್ಟರ್ ಕಟ್ಟಿ ತಪ್ಪಿಸಿದರೆ ಅದೇ ಗಾಯ ಮಾಯುತ್ತದೆ. ಮತ್ತೆ ಗಾಯವಾಗದಂತೆ ಒಳಗೆ ಮೆತ್ತನೆಯ, ಹೊರಗೆ ಗಟ್ಟಿಯಾದ ರಬ್ಬರಿನ ಪಾದರಕ್ಷೆ ಬೇಕು. ಎಂ.ಸಿ.ಆರ್. ಚಪ್ಪಲಿ ಎಂದು ಇಂದು ಕರೆಯಲಾಗುವ, ಸೂಕ್ಷ್ಮ ರಂಧ್ರಗಳುಳ್ಳ ರಬ್ಬರಿನ ಚಪ್ಪಲಿ ಪ್ರಚಾರಕ್ಕೆ ಬಂದುದು ಈ ಪ್ರಯತ್ನಗಳಿಂದಲೇ. ನೋವು ಶತ್ರುವಲ್ಲ, ಕಾವಲುಗಾರ ಎಂಬ ಮಾತನ್ನು ಅವರು ಜೀವನವಿಡೀ ಪ್ರತಿಪಾದಿಸಿದರು.

1966ರಲ್ಲಿ ಬ್ರ್ಯಾಂಡ್ ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ತೆರಳಿದರು. ಅಲ್ಲಿ ಮಧುಮೇಹಿಗಳ ಪಾದಗಳು ಚೆಂಗಲ್ಪಟ್ಟಿನ ಪಾದಗಳಂತೆಯೇ ಕಂಡವು. ಅಲ್ಲಿಯೂ ನರಗಳು ಮಂದವಾಗಿದ್ದವು, ಗಾಯ ತಿಳಿಯುತ್ತಿರಲಿಲ್ಲ, ನಡೆದು ನಡೆದು ಪಾದ ಕೆಡುತ್ತಿತ್ತು. ಕುಷ್ಠರೋಗಿಗಳಿಂದ ಕಲಿತ ವಿದ್ಯೆ ಹೀಗೆ ಮಧುಮೇಹಿಗಳಿಗೆ ಒದಗಿತು. ಇಂದು ಜಗತ್ತಿನ ಯಾವ ಪಾದಚಿಕಿತ್ಸಾಲಯಕ್ಕೆ ಹೋದರೂ ಕಾಣುವ ನೈಲಾನ್ ಎಳೆಯ ಪರೀಕ್ಷೆಯನ್ನು ಪಾದಗಳಿಗೆ ಖಚಿತಗೊಳಿಸಿದ ಅಧ್ಯಯನವೊಂದು 1986ರಲ್ಲಿ ಅದೇ ಕಾರ್ವಿಲ್ ತಂಡದಿಂದ ಬಂದಿತು. 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆಯನ್ನು ಕಣ್ಣು ಮುಚ್ಚಿದ ರೋಗಿಯ ಅಂಗಾಲಿಗೆ ಮುಟ್ಟಿಸುತ್ತಾರೆ. ಅದು ತಿಳಿಯದಿದ್ದರೆ ಕಾವಲುಗಾರ ಮಲಗಿದ್ದಾನೆಂದು ಅರ್ಥ. ಪರೀಕ್ಷೆಗೆ ಹಿಡಿಯುವುದು ಕೆಲವೇ ನಿಮಿಷ. ನೋವಿಲ್ಲ, ವೆಚ್ಚವೂ ಅತ್ಯಲ್ಪ.

ಚೆನ್ನೈಯ ರಾಯಪುರದಲ್ಲಿ ಪ್ರೊಫೆಸರ್ ಎಂ. ವಿಶ್ವನಾಥನ್ ಅವರು ಮಧುಮೇಹಕ್ಕೆಂದೇ 1954ರಲ್ಲಿ ಆಸ್ಪತ್ರೆ ತೆರೆದುದು ಈ ನಗರಕ್ಕೆ ಹೆಮ್ಮೆಯ ಸಂಗತಿ. ಪಾದದ ಸಂರಕ್ಷಣೆ ಅಲ್ಲಿ ಮುಖ್ಯ ಶಾಖೆಯಾಗಿ ಬೆಳೆದಿದೆ. ಈ ವಿದ್ಯೆಗೆ ಇಷ್ಟು ಮಹತ್ವ ಬರಲು ಕಾರಣ ರೋಗದ ವಿಸ್ತಾರ. ಚೆನ್ನೈಯ ಸಂಶೋಧಕರ ನೇತೃತ್ವದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಂದಿಗೆ ಮಧುಮೇಹವಿದೆ. ಮಧುಮೇಹಿಗಳಲ್ಲಿ ಕಾಲು ಕತ್ತರಿಸುವ ಪ್ರಸಂಗಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚಿನವು ಒಂದು ಸಣ್ಣ ಹುಣ್ಣಿನಿಂದ ಆರಂಭವಾಗುತ್ತವೆ. ಹುಣ್ಣನ್ನು ತಡೆದರೆ ಕಾಲು ಉಳಿಯುತ್ತದೆಂಬುದು ಇದರಿಂದ ಸ್ಪಷ್ಟ.

ಆದರೆ 10 ಕೋಟಿ ಜನರ 20 ಕೋಟಿ ಪಾದಗಳನ್ನು ಬೆರಳೆಣಿಕೆಯ ಶಸ್ತ್ರವೈದ್ಯರು ನೋಡಲಾರರು. ಇಲ್ಲಿಯೇ ಸಂಘಗಳ ಉಪಯೋಗ ಎದ್ದು ಕಾಣುವುದು. ಶಸ್ತ್ರವೈದ್ಯರ ಜೊತೆಗೆ ಮಧುಮೇಹ ತಜ್ಞರನ್ನೂ ಸೇರಿಸಿಕೊಂಡು ಭಾರತದ ಡಯಾಬೆಟಿಕ್ ಫುಟ್ ಸೊಸೈಟಿ ಈ ಶತಮಾನದ ಆರಂಭದಲ್ಲಿ ರೂಪುಗೊಂಡಿತು. ಮುಂಬಯಿಯ ಶಸ್ತ್ರವೈದ್ಯ ಡಾ. ಅರುಣ್ ಬಾಳ್ ಅದರ ಸ್ಥಾಪಕರಲ್ಲೊಬ್ಬರು. 'ಹೆಜ್ಜೆ ಹೆಜ್ಜೆಯಾಗಿ' ಎಂಬ ಅರ್ಥದ ಹೆಸರಿನ ತರಬೇತಿಯನ್ನು ಶತಮಾನದ ಮೊದಲ ದಶಕದಲ್ಲಿ ಭಾರತ ಮತ್ತು ಟಾಂಜಾನಿಯಾಗಳಲ್ಲಿ ನಡೆಸಲಾಯಿತು. ವೈದ್ಯರನ್ನು ಮಾತ್ರ ಕರೆಯದೆ ಪ್ರತಿ ಊರಿನಿಂದ ಒಬ್ಬ ವೈದ್ಯರನ್ನೂ ಅವರ ಜೊತೆ ಒಬ್ಬ ನರ್ಸನ್ನೋ ಸಹಾಯಕರನ್ನೋ ಜೋಡಿಯಾಗಿ ಕರೆಸಿದುದು ಅದರ ವೈಶಿಷ್ಟ್ಯ. ವೈದ್ಯರಿಗೆ ಸಮಯವಿಲ್ಲದಿದ್ದರೂ ನರ್ಸಮ್ಮ ಕಾಲು ನೋಡುತ್ತಾಳೆ ಎಂಬ ವ್ಯವಹಾರಜ್ಞಾನ ಆ ಯೋಜನೆಯಲ್ಲಿದ್ದಿತು. ಅಂತಾರಾಷ್ಟ್ರೀಯ ತಜ್ಞರ ಸಮಿತಿಯೊಂದು 1999ರಿಂದ ನಿಯಮಾವಳಿಗಳನ್ನು ಹೊರಡಿಸಿ ಆಗಾಗ ತಿದ್ದುತ್ತಿದೆ. ಇತ್ತೀಚಿನ ತಿದ್ದುಪಡಿ 2023ರದು. ಅದರಂತೆ ಸ್ಪರ್ಶಜ್ಞಾನವೂ ರಕ್ತಸಂಚಾರವೂ ಸರಿಯಿರುವ ಮಧುಮೇಹಿಯ ಪಾದವನ್ನು ವರ್ಷಕ್ಕೊಮ್ಮೆ ನೋಡಿದರೆ ಸಾಕು. ಸ್ಪರ್ಶಜ್ಞಾನ ಅಥವಾ ರಕ್ತಸಂಚಾರ ಕುಂದಿದ್ದರೆ 6ರಿಂದ 12 ತಿಂಗಳಿಗೊಮ್ಮೆ. ಇವೆರಡೂ ಕೂಡಿದ್ದರೆ ಅಥವಾ ಇವುಗಳಲ್ಲೊಂದರ ಜೊತೆ ಪಾದದ ಆಕಾರವೂ ಕೆಟ್ಟಿದ್ದರೆ 3ರಿಂದ 6 ತಿಂಗಳಿಗೊಮ್ಮೆ. ಇಂಥ ಪಾದದಲ್ಲಿ ಹಿಂದೊಮ್ಮೆ ಹುಣ್ಣಾಗಿದ್ದರೆ ಅಥವಾ ಬೆರಳು ಕಳೆದುಕೊಂಡಿದ್ದರೆ 1ರಿಂದ 3 ತಿಂಗಳಿಗೊಮ್ಮೆ ನೋಡಲೇಬೇಕು. ಈ ಲೆಕ್ಕ ರೋಗಿಗೂ ತಿಳಿದಿದ್ದರೆ, ಕೇಳಿ ಪರೀಕ್ಷೆ ಮಾಡಿಸಿಕೊಳ್ಳಬಹುದು.

ಚೆನ್ನೈಯ ಜೀವನಕ್ರಮದಲ್ಲಿ ಪಾದಕ್ಕೆ ಒದಗುವ ಅಪಾಯಗಳು ಕೆಲವು ವಿಶೇಷವಾದವು. ಚಿತ್ರೆಯ ಬಿಸಿಲಿನಲ್ಲಿ ಮಯಿಲಾಪುರದ ಕಪಾಲೀಶ್ವರ ದೇವಾಲಯದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕುವವರು ಓಡುತ್ತ ನೆರಳು ಸೇರುವುದನ್ನು ಎಲ್ಲರೂ ಬಲ್ಲರು. ಓಡಿಸುವುದು ನೋವು. ಮಧುಮೇಹದಿಂದ ಜೋಮು ಹಿಡಿದ ಪಾದ ಓಡುವುದಿಲ್ಲ. ಭಕ್ತಿಯಿಂದ ನಿಧಾನವಾಗಿ ಮೂರು ಸುತ್ತು ಬಂದು ಮನೆಗೆ ಹೋಗಿ ನೋಡಿದರೆ ಅಂಗಾಲಿನಲ್ಲಿ ಬೊಬ್ಬೆಗಳು. ತಿರುವಣ್ಣಾಮಲೆಯ 14 ಕಿಲೋಮೀಟರ್ ಗಿರಿಪ್ರದಕ್ಷಿಣೆ, ಊರಿಗೆ ಹೋದಾಗ ಮಲೆ ಮಹದೇಶ್ವರನಿಗೋ ಧರ್ಮಸ್ಥಳಕ್ಕೋ ಹರಕೆಯ ಪಾದಯಾತ್ರೆ, ಇವೆಲ್ಲವೂ ಹೀಗೆಯೇ. ಹರಕೆಯನ್ನು ಬಿಡಬೇಕೆಂದು ಯಾವ ತಜ್ಞರೂ ಹೇಳುವುದಿಲ್ಲ. ಸೂರ್ಯೋದಯಕ್ಕೆ ಮುನ್ನ ಅಥವಾ ರಾತ್ರಿ ಹೋಗುವುದು, ಬಟ್ಟೆಯ ದಪ್ಪ ಕಾಲುಚೀಲ ತೊಡುವುದು, ಮರಳಿದೊಡನೆ ಮನೆಯವರಿಂದ ಅಂಗಾಲು ನೋಡಿಸಿಕೊಳ್ಳುವುದು ಸಾಧ್ಯ. ಹೋಟೆಲಿನಲ್ಲಿ ನಿಂತು ದುಡಿಯುವವರು ಹಿಂಬದಿಗೆ ಪಟ್ಟಿಯಿರುವ ಪಾದರಕ್ಷೆ ಧರಿಸಬೇಕು. ಹವಾಯಿ ಚಪ್ಪಲಿ ಕಳಚಿ ಬಿದ್ದರೂ ಜೋಮಿನ ಕಾಲಿಗೆ ತಿಳಿಯುವುದಿಲ್ಲ. ಕೆಲಸ ಮುಗಿದ ಮೇಲೆ ಬೆರಳ ಸಂದಿಗಳನ್ನು ಒರೆಸಿ ಒಣಗಿಸಬೇಕು.

ಹರಡು ಉಳುಕಿದಾಗ ನಾಟಿ ಕಟ್ಟು ಹಾಕಿಸುವ ಪದ್ಧತಿ ಚೆನ್ನೈಯಲ್ಲಿ ಬಹಳ ಹಳೆಯದು. 'ಪುತ್ತೂರು ಕಟ್ಟು' ಎಂಬ ಫಲಕ ಇಲ್ಲದ ಬಡಾವಣೆ ವಿರಳ. ಇದರ ಗುಣಾವಗುಣಗಳ ಚರ್ಚೆ ಇಲ್ಲಿ ಬೇಡ. ಕಟ್ಟಿಗೆ ಮುನ್ನ ಮೂಳೆ ಮುರಿದಿಲ್ಲವೆಂದು ತಿಳಿಯುವುದು ಅಗತ್ಯ. 1992ರಲ್ಲಿ ಕೆನಡಾದ ವೈದ್ಯರು ರೂಪಿಸಿದ ಸರಳ ನಿಯಮವೊಂದು ಇದಕ್ಕಿದೆ: ಹರಡಿನ ಭಾಗದಲ್ಲಿ ನೋವಿದ್ದು, ಗಾಯವಾದೊಡನೆಯೂ ವೈದ್ಯರಲ್ಲಿಗೆ ಬಂದಾಗಲೂ ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಅಥವಾ ಹರಡಿನ ಇಕ್ಕೆಲದ ಉಬ್ಬುಮೂಳೆಯ ತುದಿಯನ್ನೋ ಹಿಂಭಾಗದ ಅಂಚನ್ನೋ ಒತ್ತಿದಾಗ ನೋವಾದರೆ, ಎಕ್ಸ್-ರೇ ತೆಗೆಸಬೇಕು. ಮಧುಮೇಹಿಗಳಿಗೆ ಈ ನಿಯಮವೂ ಸಾಲದು. ಅವರ ಪಾದ ಗಾಯವಿಲ್ಲದೆ, ಹೆಚ್ಚು ನೋವೂ ಇಲ್ಲದೆ, ಕೆಂಪಾಗಿ ಬಿಸಿಯಾಗಿ ಊದಿಕೊಂಡರೆ ಅದು ಉಳುಕಲ್ಲದಿರಬಹುದು. ಫ್ರೆಂಚ್ ವೈದ್ಯ ಶಾರ್ಕೋ 1868ರಲ್ಲಿ ವಿವರಿಸಿದ, ಮೂಳೆಗಳು ಒಳಗೊಳಗೇ ಪುಡಿಯಾಗುವ ಸ್ಥಿತಿ ಅದಾಗಿರಬಹುದು. ಮೊದಲ ವಾರಗಳಲ್ಲಿ ಎಕ್ಸ್-ರೇ ಸರಿಯಾಗಿಯೇ ಕಾಣುವುದುಂಟು. ಆಗ ಬಿಗಿ ಕಟ್ಟು, ಎಣ್ಣೆಯ ಮಾಲೀಸು, ಮರುದಿನವೇ ಕೆಲಸಕ್ಕೆ ಹಾಜರಿ, ಇವು ಮೂರೂ ಅಪಾಯಕರ. ಪಾದಕ್ಕೆ ಭಾರ ಕೊಡದೆ ತಜ್ಞರನ್ನು ಕಾಣಬೇಕು.

ಸಂಘಕ್ಕೆ ಮಿತಿಗಳೂ ಇವೆ. ಅದು ಆಸ್ಪತ್ರೆಯಲ್ಲ, ನ್ಯಾಯಾಲಯವೂ ಅಲ್ಲ. ವೈದ್ಯರ ನೋಂದಣಿ, ಅವರ ಮೇಲಿನ ದೂರು ಇವೆಲ್ಲ ರಾಜ್ಯದ ವೈದ್ಯಕೀಯ ಪರಿಷತ್ತಿಗೆ ಸೇರಿದವು. ಚಂದಾ ಕಟ್ಟಿ ಸದಸ್ಯರಾದವರೆಲ್ಲರ ಕೈಚಳಕ ಒಂದೇ ಸಮನಾಗಿರುತ್ತದೆಂದು ತಿಳಿಯುವುದೂ ಸರಿಯಲ್ಲ. ಗೋಡೆಯ ಮೇಲಿನ ಪ್ರಮಾಣಪತ್ರ ಆಸಕ್ತಿಯನ್ನು ಸೂಚಿಸಬಹುದು, ಕೌಶಲಕ್ಕೆ ಖಾತರಿಯಲ್ಲ. ಸ್ಕ್ರೂ, ಪ್ಲೇಟು, ಕೃತಕ ಕೀಲುಗಳನ್ನು ಮಾರುವ ಕಂಪನಿಗಳು ಎಲ್ಲ ದೇಶಗಳಲ್ಲಿಯೂ ವೈದ್ಯರ ಸಮ್ಮೇಳನಗಳಿಗೆ ಹಣ ನೀಡುತ್ತವೆ. ಹೊಸ ಸಾಧನದ ಹೊಗಳಿಕೆ ಯಾರ ವೇದಿಕೆಯಿಂದ ಬಂದಿತೆಂದು ವೈದ್ಯರೇ ಎಚ್ಚರದಿಂದ ನೋಡಬೇಕಾಗುತ್ತದೆ. ಚಪ್ಪಲಿಯಿಂದ ಗುಣವಾಗುವ ನೋವಿಗೆ ಶಸ್ತ್ರವೇಕೆ ಎಂದು ಕೇಳುವ ಹಕ್ಕು ರೋಗಿಗಿದೆ. ಹಿಮ್ಮಡಿ ನೋವಿನಲ್ಲಂತೂ ಹೆಚ್ಚಿನವರಿಗೆ ಮೀನಖಂಡ ಮತ್ತು ಅಂಗಾಲನ್ನು ಎಳೆದು ಹಿಗ್ಗಿಸುವ ವ್ಯಾಯಾಮ, ಮೆತ್ತನೆಯ ಪಾದರಕ್ಷೆ ಮತ್ತು ಕೆಲವು ತಿಂಗಳ ತಾಳ್ಮೆ ಸಾಕು.

ಪಾದತಜ್ಞರನ್ನು ಕಾಣಲು ಹೋಗುವವರು ಹೊಸ ಬೂಟು ತೊಟ್ಟು ಹೋಗುವುದುಂಟು. ಹಾಗೆ ಮಾಡದೆ, ದಿನವೂ ಮೆಟ್ಟುವ ಹಳೆಯ ಚಪ್ಪಲಿಯನ್ನೇ ಮೆಟ್ಟಿ ಹೋಗಬೇಕು. ಅದರ ತಳ ಎಲ್ಲಿ ಸವೆದಿದೆ, ಹೆಬ್ಬೆರಳ ಗುರುತು ಎಲ್ಲಿ ಆಳವಾಗಿದೆ, ಯಾವ ಅಂಚು ಒಂದೇ ಕಡೆಗೆ ಬಾಗಿದೆ ಎಂಬುದನ್ನು ನೋಡಿಯೇ ಅನುಭವಿ ವೈದ್ಯರು ರೋಗಿಯ ನಡಿಗೆಯನ್ನು ಅರ್ಧ ಓದಿಬಿಡುತ್ತಾರೆ. ಮನೆಯಲ್ಲಿ ಬೇರೆ, ಕೆಲಸಕ್ಕೆ ಬೇರೆ ಜೊತೆಗಳಿದ್ದರೆ ಅವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಬಹುದು, ಸಂಕೋಚಪಡುವ ಅಗತ್ಯವಿಲ್ಲ.